ಎದೆಗೂಡಿಗೆ ಕೇಳಿಸುವ ಸಂಗೀತ

ಪ್ರಶ್ನೆ: ಪಿಯುಸಿ ಮುಗಿಸಿರುವ ನನ್ನ ಮಗ ಬೆಂಗಳೂರಿನ ರಾಕ್ ಕಾರ್ಯಕ್ರಮವೊಂದಕ್ಕೆ ಹೋಗಬೇಕೆಂದು ಮೂರು ತಿಂಗಳಿನಿಂದ ಹಣ ಕೂಡಿಡುತ್ತಿದ್ದಾನೆ. ಅವೇ ಹಾಡುಗಳು ಮೊಬೈಲಿನಲ್ಲಿ ಸಿಗುವಾಗ ನೂಕುನುಗ್ಗಲಿನಲ್ಲಿ ಗಂಟೆಗಟ್ಟಲೆ ನಿಂತು ಕೇಳುವುದರಲ್ಲಿ ಅಂಥದ್ದೇನಿದೆ? ತಾವು ಇಂಥ ಕಾರ್ಯಕ್ರಮಗಳಿಗೆ ತಪ್ಪದೆ ಹೋಗುವವರೆಂದು ಕೇಳಿದ್ದೇನೆ. ತಮ್ಮ ಅನುಭವವನ್ನು ತಿಳಿಸುವಿರಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಕಡೆಯ ಹಬ್ಬಗಳಲ್ಲಿ ಪೂಜಾ ಕುಣಿತದ ಮುಂದೆ ತಮಟೆ ಬಡಿಯುವಾಗ ನೀವು ಪಕ್ಕದಲ್ಲೇ ನಿಂತಿರುತ್ತೀರಿ. ಆ ಬಡಿತವನ್ನು ಕಿವಿಯ ಜೊತೆಗೆ ಪಕ್ಕೆಲುಬುಗಳೂ ಕೇಳಿಸಿಕೊಳ್ಳುತ್ತವೆ. ಅದೇ ತಮಟೆಯನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದು ಮನೆಯಲ್ಲಿ ಹಾಕಿದರೆ ಯಾರೋ ಡಬ್ಬ ತಟ್ಟಿದ ಹಾಗಿರುತ್ತದೆ. ರಾಕ್ ಸಂಗೀತದ ವಿಷಯದಲ್ಲಿಯೂ ಹೀಗೆಯೇ. ತಗ್ಗಿನ ಸ್ವರಗಳಿಗೆಂದೇ ಇರುವ ಬೇಸ್ ಗಿಟಾರಿನ ಅತಿ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಸ್ವರದ ಒಂದೊಂದು ಅಲೆಯೂ ಗಾಳಿಯಲ್ಲಿ ಎಂಟು ಮೀಟರಿಗಿಂತ ಉದ್ದವಿರುತ್ತದೆ. ಹೆಬ್ಬೆರಳಿನ ಉಗುರಿನಷ್ಟಿರುವ ಮೊಬೈಲ್ ಸ್ಪೀಕರಿನಿಂದ ಅಂಥ ಸ್ವರ ಹೊರಡುವುದೇ ಇಲ್ಲ. ನಿಮ್ಮ ಮಗ ಇಷ್ಟು ದಿನ ಮೊಬೈಲಿನಲ್ಲಿ ಕೇಳಿರುವುದು ಆ ಹಾಡಿನ ಮೇಲರ್ಧವನ್ನು ಮಾತ್ರ.

2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ತಂಡವು ಮೊದಲ ಬಾರಿಗೆ ಭಾರತಕ್ಕೆ ಬಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನಾನು ಮೈಸೂರಿನಿಂದ ಬೆಳಗಿನ ರೈಲು ಹಿಡಿದು ಹೋಗಿದ್ದೆ. ಕಾರ್ಯಕ್ರಮ ಆರಂಭವಾಗುವುದಕ್ಕೆ ಬಹಳ ಮುಂಚೆ, ವೇದಿಕೆ ಇನ್ನೂ ಖಾಲಿಯಿದ್ದಾಗ, ಕಪ್ಪು ಅಂಗಿಯ ಸಹಾಯಕನೊಬ್ಬ ಬಂದು ಕಾಲಿನಿಂದ ತುಳಿದು ನುಡಿಸುವ ದೊಡ್ಡ ಡ್ರಮ್ಮನ್ನು ಒಂದೇ ಸಮನೆ ಬಾರಿಸುತ್ತ ಧ್ವನಿ ಪರೀಕ್ಷಿಸಿದ. ನನ್ನ ಕೈಯಲ್ಲಿ ಕಾಗದದ ಲೋಟವಿತ್ತು. ಒಂದೊಂದು ಬಡಿತಕ್ಕೂ ಅದರಲ್ಲಿದ್ದ ನೀರಿನ ಮೇಲೆ ಸಣ್ಣ ಬಳೆಗಳಂತೆ ಅಲೆಗಳೆದ್ದು ಅಂಚಿಗೆ ಬಡಿದು ಮಾಯವಾಗುತ್ತಿದ್ದವು. ವರ್ಷಗಟ್ಟಲೆ ಕ್ಯಾಸೆಟ್ಟಿನಲ್ಲಿ ಕೇಳಿ ಬಾಯಿಪಾಠವಾಗಿದ್ದ ಸಂಗೀತಕ್ಕೆ ಇಷ್ಟು ಭಾರವಿದೆಯೆಂಬುದು ನನಗೆ ಗೊತ್ತಾದದ್ದು ಆ ಲೋಟವನ್ನು ನೋಡಿದಾಗ.

ಆ ರಾತ್ರಿ ನನ್ನನ್ನು ಹೆಚ್ಚು ತಟ್ಟಿದ್ದು ಜನರ ದನಿ. ಸಾಹಿತ್ಯವಿರುವ ಸಾಲುಗಳನ್ನು ಹಾಡುವುದು ಸಹಜ; ಅಲ್ಲಿ ಸೇರಿದ್ದ ಸಾವಿರಾರು ಮಂದಿ ಗಿಟಾರ್ ನುಡಿಸುವ ರಾಗವನ್ನೇ, ಪದಗಳಿಲ್ಲದೆ, ಬರೀ ಓಕಾರದಲ್ಲಿ ಒಟ್ಟಾಗಿ ಹಾಡುತ್ತಿದ್ದರು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆ ಹಾಡುಗಳ ಇಂಗ್ಲಿಷ್ ನನಗೆ ಪೂರ್ತಿ ದಕ್ಕಿರಲಿಲ್ಲ. ಆದರೆ ಆ ರಾಗದಲ್ಲಿ ನಾನು ಯಾರಿಗೂ ಹಿಂದೆ ಬೀಳಲಿಲ್ಲ. ಪಕ್ಕದಲ್ಲಿದ್ದ ಅಪರಿಚಿತನೊಬ್ಬ ನನ್ನ ಹೆಗಲ ಮೇಲೆ ಕೈಯಿಟ್ಟು ಹಾಡಿದ. ಅವನು ಯಾವ ಊರಿನವನೆಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಅಮೆರಿಕದ ಮೆಟಾಲಿಕಾ ತಂಡ ಬಂದಾಗಲೂ ನಾನು ಹೋಗಿದ್ದೇ ಈ ದನಿಗಾಗಿ. ಮಗನನ್ನು ಕಳುಹಿಸಿಕೊಡಿ, ಸಾಧ್ಯವಾದರೆ ನೀವೂ ಜೊತೆಗೆ ಹೋಗಿ.

ಪ್ರಶ್ನೆ: ಇಷ್ಟು ಜೋರಾದ ಶಬ್ದದಿಂದ ಕಿವಿಗೆ ತೊಂದರೆಯಾಗುವುದಿಲ್ಲವೇ? ಎಲ್ಲಿ ನಿಂತರೆ ಒಳ್ಳೆಯದು?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಖಂಡಿತ ತೊಂದರೆಯಾಗಬಹುದು. ಒಮ್ಮೆ ಸ್ಪೀಕರುಗಳ ಎದುರಿಗೇ ನಿಂತಿದ್ದ ತಪ್ಪಿಗೆ ಎರಡು ದಿನ ನನ್ನ ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತಿತ್ತು. ಅಂದಿನಿಂದ ನಾನು ಸ್ಪಂಜಿನಂಥ ಕಿವಿಬಿರಡೆಗಳನ್ನು ಜೇಬಿನಲ್ಲಿಟ್ಟುಕೊಳ್ಳದೆ ಯಾವ ಕಾರ್ಯಕ್ರಮಕ್ಕೂ ಹೋದವನಲ್ಲ. ಇಂಥ ಸ್ಥಳಗಳಲ್ಲಿ ಶಬ್ದವು ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೇಳಿದೆ. ಬಿರಡೆ ಹಾಕಿಕೊಂಡರೆ ಸಂಗೀತ ಕೆಡುತ್ತದೆಂಬ ಭಯ ಬೇಡ: ಕಿರುಚುವ ಮೇಲಿನ ಸ್ವರಗಳು ಹೆಚ್ಚು ತಗ್ಗುತ್ತವೆ, ಎದೆಗೆ ತಟ್ಟುವ ಕೆಳಗಿನವು ಅಷ್ಟಾಗಿ ತಗ್ಗುವುದಿಲ್ಲ.

ನಿಲ್ಲುವ ಜಾಗದ ಬಗ್ಗೆ ಹೇಳುವುದಾದರೆ, ಮೈದಾನದ ನಡುವೆ ಧ್ವನಿ ಹೊಂದಿಸುವವರು ಕೂರುವ ಡೇರೆಯೊಂದಿರುತ್ತದೆ, ಅದರ ಮುಂದೆ ನಿಲ್ಲಿ. ಅವರು ತಮ್ಮ ಕಿವಿಗೆ ಹಿತವಾಗುವಂತೆ ಹೊಂದಿಸಿದ್ದು ನಿಮಗೂ ಸಿಗುತ್ತದೆ. ತೀರ ಹಿಂದಕ್ಕೆ ಹೋದರೆ ಇನ್ನೊಂದು ಪೇಚಿದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಚಲಿಸುವುದರಿಂದ, 170 ಮೀಟರ್ ದೂರದಲ್ಲಿ ನಿಂತವರಿಗೆ ಡ್ರಮ್ಮಿನ ಕೋಲು ಬಿದ್ದ ಅರ್ಧ ಸೆಕೆಂಡಿನ ಮೇಲೆ ವೇದಿಕೆಯ ಸದ್ದು ಬಂದು ತಲುಪುತ್ತದೆ.

ಪ್ರಶ್ನೆ: ರಾಕ್ ಎಂದರೆ ಇಂಗ್ಲಿಷೇ ಏಕಾಗಬೇಕು? ನಮ್ಮಲ್ಲಿ ಇಲ್ಲವೇ?
– ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ

ಉತ್ತರ: ಇದೆ ಗುರುಗಳೇ, ನಮ್ಮ ಮೈಸೂರಿನಲ್ಲೇ ಬೆಳೆದದ್ದಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಚಿನ್ನದ ಪದಕ ಪಡೆದ, ಭರತನಾಟ್ಯವನ್ನೂ ಕಲಿತ ರಘು ದೀಕ್ಷಿತ್ ಅವರು ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರ್ ಮತ್ತು ಡ್ರಮ್ಮಿನೊಡನೆ ಹಾಡುವುದನ್ನು ನೀವು ಒಮ್ಮೆ ಎದುರಿನಲ್ಲೇ ಕೇಳಬೇಕು. ದಸರಾ ಸಮಯದ ಯುವ ದಸರಾ ಸಂಗೀತ ಕಾರ್ಯಕ್ರಮ ಬಹುಕಾಲ ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿತ್ತು. 2024ರಲ್ಲಿ ಅದು ಊರಾಚೆಯ ಉತ್ತನಹಳ್ಳಿಗೆ ಹೋಯಿತು. ಜಾಗ ವಿಶಾಲವಾಯಿತು ನಿಜ; ಆದರೂ ಕಾಲೇಜು ಮೈದಾನದಿಂದ ಎಲ್ಲರೊಡನೆ ಹಾಡು ಗುನುಗುತ್ತ ನಡೆದೇ ಮನೆ ಸೇರುತ್ತಿದ್ದ ಆ ರಾತ್ರಿಗಳು ನನಗೆ ಇಂದಿಗೂ ಬೇಕೆನಿಸುತ್ತವೆ.