ನಮ್ಮ ಜಿಲ್ಲೆಯ ಎಂಪಿ ಮಂತ್ರಿಯಾಗದಿದ್ದರೆ ಅಡಿಕೆಯ ಗತಿ ಏನು? – ಸಂಪಾದಕರ ಉತ್ತರ

ಹೊಸನಗರದ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅವರ ಮಾತಿನ ಸಾರ ಇಷ್ಟು: "2024ರಲ್ಲೂ ಕೇಂದ್ರ ಸಂಪುಟದಲ್ಲಿ ಶಿವಮೊಗ್ಗಕ್ಕೆ ಜಾಗ ಸಿಗಲಿಲ್ಲ. ರಾಜ್ಯಕ್ಕೆ ಇಷ್ಟು, ಜಿಲ್ಲೆಗೆ ಇಷ್ಟು ಎಂಬ ಲೆಕ್ಕ ಇಲ್ಲವೇ? ಸಂಪುಟ ದರ್ಜೆ, ಸ್ವತಂತ್ರ ಹೊಣೆ, ರಾಜ್ಯ ಸಚಿವ ಅಂತೆಲ್ಲ ಪತ್ರಿಕೆಯಲ್ಲಿ ಬರುತ್ತದಲ್ಲ, ಇವರಲ್ಲಿ ನಿಜವಾದ ಅಧಿಕಾರ ಯಾರ ಕೈಯಲ್ಲಿದೆ? ನಮ್ಮವರೊಬ್ಬರು ಮಂತ್ರಿಯಾಗದೆ ಅಡಿಕೆ, ಭದ್ರಾವತಿ ಕಾರ್ಖಾನೆ, ರೈಲು ಮಾರ್ಗ ಯಾವುದೂ ಆಗುವುದಿಲ್ಲ ಎಂದೇ ನಮ್ಮೂರಿನವರೆಲ್ಲ ನಂಬಿದ್ದಾರೆ. ಇದು ಸರಿಯೇ?"

ಮಾನ್ಯರೇ,

ಮೊದಲು ನಿಮ್ಮ ಲೆಕ್ಕದ ಪ್ರಶ್ನೆ. ಅಂಥ ಲೆಕ್ಕ ಸಂವಿಧಾನದಲ್ಲಿ ಇಲ್ಲ. 75ನೇ ವಿಧಿ ಹೇಳುವುದು ಇಷ್ಟೇ: ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಉಳಿದ ಮಂತ್ರಿಗಳನ್ನು ಪ್ರಧಾನಿಯ ಸಲಹೆಯಂತೆ ನೇಮಿಸುತ್ತಾರೆ. ರಾಜ್ಯ, ಜಿಲ್ಲೆ, ಜಾತಿ, ಪ್ರದೇಶ ಇವೆಲ್ಲ ಪ್ರಧಾನಿ ಮತ್ತು ಮಿತ್ರಪಕ್ಷಗಳು ಕೂತು ಮಾಡುವ ರಾಜಕೀಯ ಲೆಕ್ಕಾಚಾರ. ಕೋರ್ಟಿನಲ್ಲಿ ಕೇಳಿ ಪಡೆಯುವ ಹಕ್ಕು ಯಾವ ಜಿಲ್ಲೆಗೂ ಇಲ್ಲ.

ಮಿತಿ ಇರುವುದು ಸಂಖ್ಯೆಗೆ. 2003ರ 91ನೇ ತಿದ್ದುಪಡಿಯ ಪ್ರಕಾರ ಪ್ರಧಾನಿಯೂ ಸೇರಿ ಮಂತ್ರಿಗಳ ಒಟ್ಟು ಸಂಖ್ಯೆ ಲೋಕಸಭೆಯ ಸದಸ್ಯಬಲದ ಶೇ 15ನ್ನು ಮೀರುವಂತಿಲ್ಲ. 543ಕ್ಕೆ ಶೇ 15 ಎಂದರೆ 81. 2024ರ ಜೂನ್ 9ರಂದು ಪ್ರಮಾಣ ಸ್ವೀಕರಿಸಿದವರು 72 ಮಂದಿ: ಪ್ರಧಾನಿ, 30 ಸಂಪುಟ ಸಚಿವರು, ಸ್ವತಂತ್ರ ಹೊಣೆಯ ಐವರು, 36 ರಾಜ್ಯ ಸಚಿವರು. ಅಂದರೆ ಒಂಬತ್ತು ಜಾಗ ಖಾಲಿ ಉಳಿದಿದ್ದವು. ಜಾಗ ತುಂಬಿಹೋಗಿ ಶಿವಮೊಗ್ಗ ಬಿಟ್ಟುಹೋಯಿತು ಎನ್ನುವಂತಿಲ್ಲ. ಕರ್ನಾಟಕದ 28 ಕ್ಷೇತ್ರಗಳಲ್ಲಿ ಬಿಜೆಪಿ 17, ಜೆಡಿಎಸ್ 2 ಗೆದ್ದಿದ್ದವು. ರಾಜ್ಯದಿಂದ ಐವರು ಮಂತ್ರಿಗಳಾದರು. ಎರಡೇ ಸ್ಥಾನ ಗೆದ್ದ ಜೆಡಿಎಸ್‌ಗೆ ಸಂಪುಟ ದರ್ಜೆಯ ಖಾತೆ ದಕ್ಕಿತು. ಬಿಜೆಪಿಗೆ 240 ಸ್ಥಾನ ಮಾತ್ರ ಬಂದು, ಬಹುಮತದ 272ನ್ನು ದಾಟಲು ಮಿತ್ರರು ಬೇಕಾದಾಗ ಲೆಕ್ಕ ಹೀಗೆಯೇ ನಡೆಯುತ್ತದೆ.

ಮಂತ್ರಿಯಾಗಲು ಆ ದಿನವೇ ಸಂಸದರಾಗಿರಬೇಕೆಂದೂ ಇಲ್ಲ. ಆರು ತಿಂಗಳೊಳಗೆ ಯಾವುದಾದರೊಂದು ಸದನದ ಸದಸ್ಯರಾದರೆ ಸಾಕು. ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಸಂಸತ್ತಿನ ಸದಸ್ಯರಾಗಿರಲಿಲ್ಲ; ಆಮೇಲೆ ಕರ್ನಾಟಕದಿಂದ ರಾಜ್ಯಸಭೆಗೆ ಹೋದರು. ಆರು ತಿಂಗಳು ಮುಗಿಯುವಾಗ ರಾಜೀನಾಮೆ ಕೊಟ್ಟು, ಮತ್ತೆ ಪ್ರಮಾಣ ಸ್ವೀಕರಿಸಿ ಇನ್ನಾರು ತಿಂಗಳು ಗಿಟ್ಟಿಸುವ ದಾರಿಯನ್ನು ಸುಪ್ರೀಂ ಕೋರ್ಟ್ 2001ರಲ್ಲೇ ಮುಚ್ಚಿದೆ.

ಇನ್ನು ದರ್ಜೆಗಳ ವಿಚಾರ. ಪತ್ರಿಕೆಗಳು 72 ಮಂದಿಯನ್ನೂ "ಸಂಪುಟ" ಎಂದು ಬರೆದುಬಿಡುತ್ತವೆ. ಆದರೆ ಸಂಪುಟ ಸಭೆಯಲ್ಲಿ ಕೂರುವವರು ಪ್ರಧಾನಿ ಮತ್ತು ಆ 30 ಮಂದಿ. ಸ್ವತಂತ್ರ ಹೊಣೆಯ ರಾಜ್ಯ ಸಚಿವರು ತಮ್ಮ ಖಾತೆಗೆ ತಾವೇ ಯಜಮಾನರು, ಅವರ ಮೇಲೆ ಇನ್ನೊಬ್ಬ ಮಂತ್ರಿ ಇರುವುದಿಲ್ಲ. ತಮ್ಮ ಖಾತೆಯ ವಿಷಯ ಬಂದಾಗ ಸಭೆಗೆ ಕರೆ ಬರುತ್ತದೆ. ಬರೀ ರಾಜ್ಯ ಸಚಿವರದು ಬೇರೆ ಸ್ಥಿತಿ. ಅವರಿಗೆ ಯಾವ ಕೆಲಸ, ಯಾವ ಕಡತ ಎಂಬುದನ್ನು ಆ ಖಾತೆಯ ಸಂಪುಟ ಸಚಿವರು ಬರವಣಿಗೆಯಲ್ಲಿ ಹಂಚಿಕೊಡುತ್ತಾರೆ. ಧಾರಾಳವಾಗಿ ಹಂಚಿದರೆ ಕೆಲಸವಿದೆ. ಇಲ್ಲದಿದ್ದರೆ ಸದನದಲ್ಲಿ ಲಿಖಿತ ಉತ್ತರ ಮಂಡಿಸುವುದು, ಸಮಾರಂಭಗಳಿಗೆ ಹೋಗುವುದು ಇಷ್ಟೇ ಉಳಿಯುತ್ತದೆ. ಪಕ್ಷ ಯಾವುದೇ ಇರಲಿ, ರಾಜ್ಯ ಸಚಿವರ ಹಳೆಯ ಕೊರಗು ಇದು. ಆದ್ದರಿಂದ "ನಮ್ಮೂರಿನವರು ಮಂತ್ರಿಯಾದರು" ಎಂದು ಪಟಾಕಿ ಹೊಡೆಯುವ ಮೊದಲು ಯಾವ ದರ್ಜೆ, ಯಾವ ಖಾತೆ, ಕೈಗೆ ಯಾವ ಕಡತ ಎಂದು ನೋಡಬೇಕು.

ನಿಮ್ಮ ಪತ್ರದ ತಿರುಳು ಅಡಿಕೆ. ಅಲ್ಲಿಗೇ ಬರುತ್ತೇನೆ.

ಯಾವ ವಿಷಯ ಯಾವ ಸಚಿವಾಲಯದ್ದು ಎಂಬುದನ್ನು 1961ರ ಕಾರ್ಯಹಂಚಿಕೆ ನಿಯಮಗಳು ಸಾಲುಸಾಲಾಗಿ ಹೇಳುತ್ತವೆ. ಅದರಲ್ಲಿ ಅಡಿಕೆ ಒಂದೇ ಮನೆಯಲ್ಲಿ ಇಲ್ಲ. ಆಮದಾಗುವ ಅಡಿಕೆಗೆ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗದ ಅಡಿಕೆ ತರುವಂತಿಲ್ಲ ಎಂಬ ಕಟ್ಟು) ನಿಗದಿ ಮಾಡುವುದು ವಾಣಿಜ್ಯ ಸಚಿವಾಲಯದ ಕೆಳಗಿನ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿ ಇದ್ದುದನ್ನು 351ಕ್ಕೆ ಏರಿಸಿದ್ದು ಅದೇ. ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಬೆಲೆಯ ಕಟ್ಟಿಲ್ಲದೆ ತರಲು 2022ರಲ್ಲಿ ಅನುಮತಿ ಕೊಟ್ಟದ್ದೂ ಅದೇ ಕಚೇರಿ. ಆಮದು ಸುಂಕವೂ ಕಳ್ಳಸಾಗಣೆ ಹಿಡಿಯುವ ಕಂದಾಯ ಗುಪ್ತಚರರೂ ಹಣಕಾಸು ಸಚಿವಾಲಯದ್ದು. ನಿಮ್ಮ ತೋಟಗಳನ್ನು ಒಣಗಿಸುತ್ತಿರುವ ಎಲೆಚುಕ್ಕಿ ರೋಗದ ಸಂಶೋಧನೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯದು, ಅಂದರೆ ಕೃಷಿ ಸಚಿವಾಲಯದ ಕೆಳಗೆ. ಅಡಿಕೆ ಆರೋಗ್ಯಕ್ಕೆ ಹಾನಿಯೇ ಎಂಬ ವಿವಾದ ಆರೋಗ್ಯ ಸಚಿವಾಲಯಕ್ಕೆ ಸೇರಿದ್ದು. ಶಿವಮೊಗ್ಗದವರೊಬ್ಬರು ನಾಳೆ ಮಂತ್ರಿಯಾದರೂ ಈ ನಾಲ್ಕರಲ್ಲಿ ಹೆಚ್ಚೆಂದರೆ ಒಂದು ಅವರ ಕೈಗೆ ಬಂದೀತು. ಹಡಗು ಖಾತೆಯೋ ಜವಳಿ ಖಾತೆಯೋ ಬಂದರೆ ಅದೂ ಇಲ್ಲ.

ಒಂದಕ್ಕಿಂತ ಹೆಚ್ಚು ಸಚಿವಾಲಯಕ್ಕೆ ತಾಗುವ ದೊಡ್ಡ ನಿರ್ಧಾರ ಸಂಪುಟಕ್ಕೆ ಹೋಗುವ ಬಗೆ ಹೀಗಿದೆ. ಪ್ರಸ್ತಾವ ಹೊರಡಿಸುವ ಸಚಿವಾಲಯ ಟಿಪ್ಪಣಿಯ ಕರಡು ಮಾಡಿ ಸಂಬಂಧಪಟ್ಟ ಎಲ್ಲ ಸಚಿವಾಲಯಗಳಿಗೆ ಕಳಿಸುತ್ತದೆ. ಖರ್ಚಿದ್ದರೆ ಹಣಕಾಸು, ಕಾನೂನಿನ ತೊಡಕಿದ್ದರೆ ಕಾನೂನು ಸಚಿವಾಲಯಕ್ಕೆ ಹೋಗಲೇಬೇಕು. ಅವರೆಲ್ಲರ ಅಭಿಪ್ರಾಯ, ಅದಕ್ಕೆ ತನ್ನ ಉತ್ತರ, ಎಷ್ಟು ಹಣ, ಯಾವಾಗ ಜಾರಿ ಎಂಬುದನ್ನೆಲ್ಲ ಸೇರಿಸಿ, ತನ್ನ ಮಂತ್ರಿಯ ಒಪ್ಪಿಗೆ ಪಡೆದು ಸಂಪುಟ ಸಚಿವಾಲಯಕ್ಕೆ ಮುಟ್ಟಿಸಬೇಕು. ಪ್ರಸ್ತಾವಗಳು ಹೆಚ್ಚಾಗಿ ಹಾಳಾಗುವುದು ಇಲ್ಲೇ, ಸಂಪುಟದ ಮೇಜಿನಲ್ಲಲ್ಲ. ಒಂದು ಸಚಿವಾಲಯ ಉತ್ತರಿಸದೆ ಕೂರುತ್ತದೆ, ಇನ್ನೊಂದು ಆಕ್ಷೇಪ ಎತ್ತುತ್ತದೆ, ಕರಡು ತಿದ್ದಿ ಮತ್ತೆ ಸುತ್ತು ಹೊರಡಬೇಕಾಗುತ್ತದೆ. ಸಚಿವಾಲಯಗಳ ಹಿರಿಯ ಅಧಿಕಾರಿಗಳಾದ ಕಾರ್ಯದರ್ಶಿಗಳ ಸಮಿತಿಯಲ್ಲಿ ರಾಜಿಯಾದರೆ ಸರಿ, ಆಗದಿದ್ದರೆ ಭಿನ್ನಾಭಿಪ್ರಾಯದ ಸಮೇತ ಸಂಪುಟಕ್ಕೆ ಬರುತ್ತದೆ. ತುರ್ತಿದ್ದರೆ ಕಾರ್ಯನಿರ್ವಹಣಾ ನಿಯಮಗಳ 12ನೇ ನಿಯಮದಡಿ ಪ್ರಧಾನಿ ಒಬ್ಬರೇ ಒಪ್ಪಿಗೆ ಕೊಟ್ಟು, ಸಂಪುಟದ ಅನುಮೋದನೆ ಆಮೇಲೆ ಪಡೆಯಬಹುದು. 2019ರ ನವೆಂಬರ್ 23ರ ಬೆಳಗಿನ ಜಾವ ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆ ತೆರವಾದದ್ದು ಈ ನಿಯಮದಿಂದ.

ಭದ್ರಾವತಿಯ ಕಥೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಅಲ್ಲಿನ ವಿಶ್ವೇಶ್ವರಯ್ಯ ಉಕ್ಕು ಕಾರ್ಖಾನೆ (ವಿಐಎಸ್‌ಎಲ್) ಉಕ್ಕು ಸಚಿವಾಲಯದ ಕೆಳಗಿನ ಸರ್ಕಾರಿ ಉಕ್ಕು ಕಂಪನಿ ಸೈಲ್‌ಗೆ ಸೇರಿದ್ದು. ಆದರೆ 2016ರಲ್ಲಿ ಅದನ್ನು ಮಾರಲು ತಾತ್ವಿಕ ಒಪ್ಪಿಗೆ ಕೊಟ್ಟದ್ದು ಪ್ರಧಾನಿ ಅಧ್ಯಕ್ಷತೆಯ ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿ; ಮಾರಾಟದ ಕೆಲಸ ನಡೆಸಿದ್ದು ಹಣಕಾಸು ಸಚಿವಾಲಯದ ಇಲಾಖೆ. ಕೊಳ್ಳುವವರು ಮುಂದೆ ಬಾರದೆ 2022ರಲ್ಲಿ ಅದನ್ನು ಕೈಬಿಟ್ಟರು. ಈಗ ಉಕ್ಕು ಸಚಿವರು ಕನ್ನಡಿಗರೇ ಆದ ಎಚ್.ಡಿ. ಕುಮಾರಸ್ವಾಮಿ. ಅವರಿಗೆ ಎಷ್ಟೇ ಮನಸ್ಸಿದ್ದರೂ ಹೊಸ ಬಂಡವಾಳ ಹೂಡಬೇಕೆಂದರೆ ಸೈಲ್ ಆಡಳಿತ ಮಂಡಳಿ ಮತ್ತು ಹಣಕಾಸು ಸಚಿವಾಲಯ ಎರಡನ್ನೂ ಒಪ್ಪಿಸಬೇಕು. ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ರೈಲು ಮಾರ್ಗದಲ್ಲಂತೂ ಭೂಮಿ ಒದಗಿಸುವ ಹೊಣೆ ರಾಜ್ಯ ಸರ್ಕಾರದ್ದು. ಭೂಸ್ವಾಧೀನ ತಡವಾದರೆ ದೆಹಲಿಯ ಮಂತ್ರಿ ಏನೂ ಮಾಡಲಾರರು.

ನಮ್ಮ ಜನ ಗಮನಿಸದ ಸಂಗತಿ ಇನ್ನೊಂದಿದೆ. ಸಂಸದರು ಮಂತ್ರಿಯಾದ ದಿನದಿಂದ ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ, ಸಚಿವಾಲಯಗಳ ಕೆಲಸವನ್ನು ಪರಿಶೀಲಿಸುವ ಸಂಸದರ ಇಲಾಖಾವಾರು ಸ್ಥಾಯಿ ಸಮಿತಿಯಲ್ಲಿ ಕೂರುವಂತಿಲ್ಲ. ಸಂಪುಟದ ನಿರ್ಧಾರಕ್ಕೆ ಎಲ್ಲರೂ ಒಟ್ಟಾಗಿ ಲೋಕಸಭೆಗೆ ಹೊಣೆಗಾರರಾದ್ದರಿಂದ, ಅಡಿಕೆ ಆಮದಿಗೆ ಸಂಪುಟ ಒಪ್ಪಿದರೆ ಅವರು ಹೊರಗೆ ಬಂದು ವಿರೋಧಿಸುವಂತಿಲ್ಲ. ಒಪ್ಪದಿದ್ದರೆ ರಾಜೀನಾಮೆ ಕೊಡಬೇಕು. ಗೋಪ್ಯತೆಯ ಪ್ರಮಾಣ ಮಾಡಿರುವುದರಿಂದ ಒಳಗೆ ಏನು ಚರ್ಚೆಯಾಯಿತೆಂದು ನಿಮ್ಮ ನಿಯೋಗಕ್ಕೆ ಹೇಳುವಂತೆಯೂ ಇಲ್ಲ. ಮಂತ್ರಿಯಲ್ಲದ ಸಂಸದರಿಗೆ ಈ ಕಟ್ಟು ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ ಮಂತ್ರಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದ 20 ಚುಕ್ಕೆ ಗುರುತಿನ ಪ್ರಶ್ನೆಗಳು, ಲಿಖಿತ ಉತ್ತರದ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಯಾಗುತ್ತವೆ. ಸರಿಯಾಗಿ ಬರೆದ ಪ್ರಶ್ನೆಗೆ ಸಚಿವಾಲಯ ಲೆಕ್ಕ ಸಮೇತ ಉತ್ತರ ಕೊಡಲೇಬೇಕು, ಅದು ದಾಖಲೆಯಾಗಿ ಉಳಿಯುತ್ತದೆ. ಭೂತಾನ್ ಅಡಿಕೆ ಯಾವ ವರ್ಷ ಎಷ್ಟು ಟನ್ ಬಂತು, ಕಳ್ಳಸಾಗಣೆಯ ಎಷ್ಟು ಸರಕು ಸಿಕ್ಕಿತು ಎಂಬುದನ್ನು ಹೊರತೆಗೆಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಾಗಾಗಿ ನಮ್ಮವರು ಮಂತ್ರಿಯಾಗದಿದ್ದರೆ ಏನೂ ಆಗುವುದಿಲ್ಲ ಎಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಮಂತ್ರಿಯಲ್ಲದ ಸಂಸದರಿಂದ ನಾವು ಕೇಳಿ ಮಾಡಿಸಿಕೊಳ್ಳಬೇಕಾದ ಕೆಲಸ ಬೇಕಾದಷ್ಟಿದೆ, ಅದನ್ನು ಕೇಳುವವರೇ ಕಡಿಮೆ.

ನಿಮ್ಮ ಬೆಳೆಗಾರರ ಸಂಘ ದೆಹಲಿಗೆ ಕಳಿಸಲು ಸಿದ್ಧಪಡಿಸಿದ ಮನವಿಯ ಪ್ರತಿಯನ್ನೂ ಪತ್ರದ ಜೊತೆ ಇಟ್ಟಿದ್ದೀರಿ. ಆಮದು ಬೆಲೆ, ಕಳ್ಳಸಾಗಣೆ, ಎಲೆಚುಕ್ಕಿ, ಆರೋಗ್ಯದ ವಿವಾದ ನಾಲ್ಕನ್ನೂ ಒಂದೇ ಮನವಿಯಲ್ಲಿ ಸೇರಿಸಿ ಪ್ರಧಾನಿಗೆ ಬರೆದಿದ್ದೀರಿ. ಹೀಗೆ ಕಳಿಸಬೇಡಿ. ಅದು ಯಾವುದೋ ಒಂದು ಸಚಿವಾಲಯಕ್ಕೆ ವರ್ಗವಾಗಿ, ಅಲ್ಲಿಂದ "ಇದು ನಮ್ಮ ವ್ಯಾಪ್ತಿಯದಲ್ಲ" ಎಂಬ ಷರಾ ಹೊತ್ತು ಇನ್ನೊಂದಕ್ಕೆ ಅಲೆಯುತ್ತದೆ. ನಾಲ್ಕು ಮನವಿ ಬೇರೆಬೇರೆ ಮಾಡಿ. ಪ್ರತಿಯೊಂದರಲ್ಲಿ ಒಂದೇ ಬೇಡಿಕೆ ಇರಲಿ, ಸಂಬಂಧಪಟ್ಟ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಮೊದಲ ಸಾಲಿನಲ್ಲೇ ಬರಲಿ. ಆಯಾ ಸಚಿವಾಲಯದ ಸಂಪುಟ ಸಚಿವರಿಗೆ ಒಂದು, ಕಾರ್ಯದರ್ಶಿಗೆ ಒಂದು ಪ್ರತಿ ಹೋಗಲಿ. ಸುಂಕದ ವಿಚಾರ ಹಣಕಾಸು ಸಚಿವಾಲಯಕ್ಕೆ ಬಜೆಟ್ ತಯಾರಿಯ ಹೊತ್ತಿಗೆ, ಅಂದರೆ ದೀಪಾವಳಿಯ ಆಸುಪಾಸಿನಲ್ಲೇ ಮುಟ್ಟಬೇಕು. ಜನವರಿಯಲ್ಲಿ ಹೋದರೆ ಆ ವರ್ಷಕ್ಕೆ ತಡವಾಯಿತೆಂದೇ ಲೆಕ್ಕ. ನಾಲ್ಕರ ಪ್ರತಿಗಳನ್ನೂ ನಮ್ಮ ಸಂಸದರ ಕಚೇರಿಗೆ ಕೊಟ್ಟು, ಅಧಿವೇಶನಕ್ಕೆ ಮುಂಚೆಯೇ ಒಂದೊಂದಕ್ಕೂ ಒಂದು ಪ್ರಶ್ನೆ ಬರೆದುಕೊಡಿ. ಪ್ರಶ್ನೆಯ ಸೂಚನೆಗೆ ಕನಿಷ್ಠ 15 ದಿನ ಬೇಕು.