ಕೊರೆಯುವ ಸೂಜಿ ಮರದ ಸಾಂದ್ರತೆ ಹೇಳುತ್ತಾ?

ಪ್ರಶ್ನೆ: ಸಾಗರದ ಹತ್ತಿರ ನಮ್ಮದೊಂದು ಹಳೇ ತೊಟ್ಟಿ ಮನೆ. ಕಂಬಗಳೆಲ್ಲ ಮತ್ತಿ ಮರದವು. ರಿಪೇರಿಗೆ ಮುಂಚೆ ಸೂಜಿಯಿಂದ ಕೊರೆಯುವ ಯಂತ್ರ ತರಿಸಿ ಪರೀಕ್ಷೆ ಮಾಡಿಸಿದೆವು. ಒಳಗೆ ಹೋದಂತೆ ಗ್ರಾಫಿನ ಗೆರೆ ಏರುತ್ತಲೇ ಹೋಗಿದೆ. ನಡುಭಾಗ ಅಷ್ಟು ಗಟ್ಟಿ ಅಂತಲಾ? ಇದರಿಂದ ಸಾಂದ್ರತೆ ಸಿಗುತ್ತಾ?

ಉತ್ತರ: ಸಿಗುತ್ತದೆ, ಆದರೆ ನೇರವಾಗಿ ಅಲ್ಲ. ಯಂತ್ರ ಅಳೆಯುವುದು ಸೂಜಿ ತಿರುಗಿಸಲು ಮೋಟಾರಿಗೆ ಎಷ್ಟು ಶಕ್ತಿ ಬೇಕಾಯಿತು ಅನ್ನುವುದನ್ನು ಮಾತ್ರ.

ಸೂಜಿಯ ತುದಿ 3 ಮಿ.ಮೀ. ಅಗಲ, ಹಿಂದಿನ ಕಡ್ಡಿ 1.5 ಮಿ.ಮೀ. ದಪ್ಪ. ಕಡ್ಡಿ ಮರಕ್ಕೆ ತಾಗಬಾರದು ಅಂತಲೇ ಈ ವ್ಯತ್ಯಾಸ. ಪೈನ್‌ನಂಥ ಮೆದು ಮರದಲ್ಲಿ ಇದು ಸಾಕು. ಮತ್ತಿ, ಜಂಬೆಯಂಥ ಗಟ್ಟಿ ಮರದಲ್ಲಿ ಹಾಗಲ್ಲ. ನುಣ್ಣನೆಯ ಪುಡಿ ತೂತಿನಲ್ಲೇ ಒತ್ತಿಕೊಂಡು ಕಡ್ಡಿಯನ್ನು ಹಿಡಿಯುತ್ತದೆ. ಆಳ ಹೆಚ್ಚಿದಷ್ಟೂ ಉಜ್ಜಾಟ ಜಾಸ್ತಿ. ನಿಮ್ಮ ಗೆರೆಯ ಏರಿಕೆಯಲ್ಲಿ ಒಂದು ಪಾಲು ಇದೇ ಇರಬೇಕು.

ಎಷ್ಟು ಪಾಲು ಅಂತ ಹೀಗೆ ತಿಳಿಯಿರಿ. ಸೂಜಿ ಕಂಬದ ಆಚೆ ಬದಿಗೆ ಬರುವ ತನಕ ಕೊರೆಸಿ. ಹೊರಬಂದ ತುದಿಗೆ ಕೊರೆಯಲು ಏನೂ ಇಲ್ಲ, ಅಲ್ವಾ? ಆದರೂ ಗೆರೆ ಸೊನ್ನೆಗೆ ಇಳಿಯದಿದ್ದರೆ ಆ ಉಳಿದದ್ದೆಲ್ಲ ಉಜ್ಜಾಟ. ಶುರುವಿನ ಸೊನ್ನೆಯಿಂದ ಆ ಮಟ್ಟಕ್ಕೆ ಒಂದು ಓರೆ ಗೆರೆ ಎಳೆದು, ಅದರ ಕೆಳಗಿನದನ್ನು ಕಳೆಯಿರಿ. ಆಗ ಕೆಚ್ಚಿನ, ಅಂದರೆ ಮರದ ಒಳಗಿನ ಗಟ್ಟಿ ಭಾಗದ, ನಿಜವಾದ ರೂಪ ಕಾಣುತ್ತದೆ. ಲಡ್ಡು ಹಿಡಿದ, ಅಂದರೆ ಕೊಳೆತು ಮೆತ್ತಗಾದ, ಜಾಗವಿದ್ದರೆ ಗೆರೆ ಅಲ್ಲಿ ಕುಸಿದಿರುತ್ತದೆ.

ಇನ್ನು ಸಾಂದ್ರತೆ. ಅದೇ ಮನೆಯ ಹಳೇ ಮತ್ತಿಯ ನಾಲ್ಕೈದು ಒಣ ತುಂಡು ಹುಡುಕಿ ತೂಕ ಮಾಡಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು, ತುಂಡನ್ನು ತೆಳು ತಂತಿಯಿಂದ ಒತ್ತಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ತಕ್ಕಡಿಯಲ್ಲಿ ಎಷ್ಟು ಗ್ರಾಂ ಏರಿತೋ ಅಷ್ಟು ಘನ ಸೆಂ.ಮೀ. ಗಾತ್ರ. ತುಂಡು 312 ಗ್ರಾಂ ತೂಗಿ, ಗಾತ್ರ 390 ಬಂದರೆ ಸಾಂದ್ರತೆ 0.8, ಅಂದರೆ ಘನ ಮೀಟರಿಗೆ 800 ಕಿಲೋ. ಈ ತುಂಡುಗಳನ್ನೂ ಅದೇ ಯಂತ್ರದಲ್ಲಿ, ಅದೇ ವೇಗದಲ್ಲಿ ಕೊರೆಸಿ. ಆಗಲೇ ಗ್ರಾಫಿನ ಅಂಕಿಗೂ ಸಾಂದ್ರತೆಗೂ ಲೆಕ್ಕ ಕೂಡುವುದು. ತೇಗದ ಲೆಕ್ಕ ತಂದು ಮತ್ತಿಗೆ ಹಚ್ಚಬೇಡಿ.

ಸೂಜಿ ಹರಿತವಾಗಿರಲಿ. ಗಟ್ಟಿ ಮರದಲ್ಲಿ ಬೇಗ ಮೊಂಡಾಗುತ್ತದೆ, ಮೊಂಡು ಸೂಜಿ ಎಲ್ಲ ಮರವನ್ನೂ ಗಟ್ಟಿ ಅಂತಲೇ ತೋರಿಸುತ್ತದೆ. ತೇವ ಹತ್ತಿದ ಕಂಬದ ಬುಡವನ್ನು ಈ ಒಣ ತುಂಡುಗಳ ಲೆಕ್ಕದಲ್ಲಿ ಅಳೆಯಬೇಡಿ. ಅಲ್ಲಿ ಲಡ್ಡು ಇದೆಯೋ ಇಲ್ಲವೋ ಅಂತ ನೋಡಲು ಮಾತ್ರ ಸೂಜಿ ಬಳಸಿ.