ಏಪ್ರಿಲ್ ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಮನೆ, ಜಾಗ, ಊರು

ಕಾಫಿ ಕುಯಿಲು ಮುಗಿದು, ಕಾಳುಮೆಣಸಿನ ಲೆಕ್ಕವೂ ಒಂದು ದಡ ಸೇರಿತು ಅನ್ನುವ ಹೊತ್ತಿಗೆ ನನಗೆ ಪತ್ರಗಳು ಶುರುವಾಗುತ್ತವೆ. ಪ್ರತಿ ವರ್ಷವೂ ಅದೇ ಪ್ರಶ್ನೆ: “ಸರ್, ಮೈಸೂರಿನಲ್ಲಿ ಯಾವ ಏರಿಯಾ ಒಳ್ಳೇದು?” ಮೊನ್ನೆ ಒಂದು ಮದುವೆಯಲ್ಲಿ ಪಂದಿಕರಿ ತಟ್ಟೆ ಹಿಡಿದು ನಿಂತಿದ್ದೆ. ಅಲ್ಲಿಗೂ ಬಂದು ಇಬ್ಬರು ಇದನ್ನೇ ಕೇಳಿದರು. ಮಡಿಕೇರಿಯಲ್ಲಿ ಮೂವತ್ತು ವರ್ಷ ಮನೆ ಕಟ್ಟಿಸಿದ್ದೇನೆ, ನೆಂಟರಿಷ್ಟರಿಗೆ ಮೈಸೂರು, ಮಂಗಳೂರಿನಲ್ಲಿ ಮನೆ ನೋಡಿಕೊಟ್ಟಿದ್ದೇನೆ. ನಾನು ಮಾಡಿದ ತಪ್ಪು ಅಷ್ಟೇ. ಒಂದೇ ಸಲ ಉತ್ತರ ಬರೆದುಬಿಡುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಖಾತೆ, ಇಸಿ (ಋಣಭಾರ ಪ್ರಮಾಣಪತ್ರ), ಕ್ರಯಪತ್ರ, ಮಂಜೂರಾದ ಬಡಾವಣೆಯೋ ರೆವಿನ್ಯೂ ಸೈಟೋ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯ ಕಾಗದ ಹಿಡಿದು ತಾಲ್ಲೂಕು ಕಚೇರಿ ಸುತ್ತಿದವರಿಗೆ ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ವಕೀಲರಿಗೆ ತೋರಿಸಿ.

ಪ್ರಶ್ನೆ: ನನಗೆ 66, ಮನೆಯವರಿಗೆ 61. ಮಾದಾಪುರದ ಹತ್ತಿರ ತೋಟ. ಮಕ್ಕಳು ಹೊರಗಿದ್ದಾರೆ. ಮಳೆಗಾಲ ತಡೆಯಲಾಗುತ್ತಿಲ್ಲ, ಮೈಸೂರಿಗೆ ಹೋಗೋಣ ಎಂದಿದ್ದೇವೆ. ಜನವರಿಯಲ್ಲಿ ಎರಡು ಮನೆ ನೋಡಿದೆವು. ಒಂದು ರಿಂಗ್ ರೋಡಿನ ಆಚೆ ಹೊಸ ಬಡಾವಣೆಯಲ್ಲಿ, ಕೊನೆಯ ಮಹಡಿ, ಪೂರ್ವಕ್ಕೆ ಬಾಗಿಲು, ತುಂಬ ಬೆಳಕು, ತಂಪಾಗಿಯೇ ಇತ್ತು. ಇನ್ನೊಂದು ಸರಸ್ವತಿಪುರಂನಲ್ಲಿ ಹಳೆಯ ನೆಲಮಹಡಿ ಮನೆ, ದಕ್ಷಿಣಕ್ಕೆ ಬಾಗಿಲು. ವಾಸ್ತು ನೋಡುವವರು ಎರಡನೆಯದು ಬೇಡವೇ ಬೇಡ ಎಂದರು. ಯಾವುದು ತೆಗೆದುಕೊಳ್ಳೋಣ?

ಉತ್ತರ: ಜನವರಿಯಲ್ಲಿ ತಂಪಾಗಿತ್ತಂತೆ! ಜನವರಿಯಲ್ಲಿ ಮೈಸೂರಿನ ಬಸ್‌ಸ್ಟ್ಯಾಂಡೂ ತಂಪಾಗಿರುತ್ತದೆ ಸ್ವಾಮಿ. ಬೆಚ್ಚಗಿನ ಊರಿಗೆ ಹೋಗುವವರು ಮನೆ ನೋಡಬೇಕಾದದ್ದು ಏಪ್ರಿಲ್‌ನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ. ಅದೇ ದಿನ ರಾತ್ರಿ ಒಂಬತ್ತಕ್ಕೆ ಮತ್ತೆ ಹೋಗಿ ಮಲಗುವ ಕೋಣೆಯ ಗೋಡೆಗೆ ಅಂಗೈ ಒತ್ತಿ ನಿಲ್ಲಿ. ಗೋಡೆ ಬೆಚ್ಚಗಿದ್ದರೆ ಆ ಕೋಣೆಯಲ್ಲಿ ನಿಮಗೆ ನಿದ್ದೆ ಇಲ್ಲ ಎಂದು ಅರ್ಥ. ಬ್ರೋಕರ್ ಬೇಸರ ಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಮಗಳು ಕಾಲೇಜು ಸೇರಿದಾಗ ಮೈಸೂರಿನಲ್ಲಿ ಒಂದು ಮನೆ ಬಾಡಿಗೆ ಹಿಡಿದೆ. ನೋಡಿದ್ದು ಡಿಸೆಂಬರ್‌ನಲ್ಲಿ, ಕೊನೆಯ ಮಹಡಿ, “ಗಾಳಿ ಚೆನ್ನಾಗಿ ಬರುತ್ತೆ” ಎಂದು. ಎಂಜಿನಿಯರ್ ಎಂದು ಬೋರ್ಡು ಹಾಕಿಕೊಂಡವನು! ಮಾರ್ಚಿನಲ್ಲಿ ತೋಟದಿಂದ ಎರಡು ಚೀಲ ಹಸಿ ಮೆಣಸು ಒಯ್ದು ತಾರಸಿಯಲ್ಲಿ ಹರಡಿದೆವು. ಊರಲ್ಲಿ ಮೋಡ ಕವಿದರೆ ಒಂದು ವಾರ ಹಿಡಿಯುವುದು ಅಲ್ಲಿ ಮೂರೇ ದಿನಕ್ಕೆ ಗಲಗಲ ಅಂದಿತು. ಖುಷಿಪಟ್ಟೆವು. ಆ ಮೆಣಸಿನ ನೇರ ಕೆಳಗೆ ಒಂದು ಸ್ಲ್ಯಾಬ್, ಅದರ ಕೆಳಗೆ ನಮ್ಮ ಅತ್ತೆಯ ಮಂಚ ಎಂಬುದು ಏಪ್ರಿಲ್ ಬರುವವರೆಗೆ ತಲೆಗೆ ಹೊಳೆಯಲಿಲ್ಲ. ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಮನೆಯೊಳಕ್ಕೆ ಬಿಡುತ್ತದೆ. ಫ್ಯಾನ್ ಹಾಕಿದರೆ ಆ ಬಿಸಿಯನ್ನೇ ಎಳೆದು ಮುಖಕ್ಕೆ ಹೊಡೆಯುತ್ತದೆ. ಅತ್ತೆ ಚಾಪೆ ತೆಗೆದುಕೊಂಡು ಹೋಗಿ ಮೆಟ್ಟಿಲ ಬುಡದಲ್ಲಿ ಮಲಗಿದರು. ಈಗಲೂ ನೆಂಟರ ಮುಂದೆ ಆ ಕತೆ ಹೇಳುತ್ತಾರೆ. ಹಾಗಾಗಿ ಮೇಲಿನ ಮಹಡಿಗೆ ಗಾಳಿ ಬರುತ್ತದೆ, ತಂಪು ಎಂದು ಯಾರಾದರೂ ಹೇಳಿದರೆ ಅವರು ಆ ಮಹಡಿಯಲ್ಲಿ ಮಲಗುತ್ತಾರೋ ಕೇಳಿ.

ಈಗ ದಿಕ್ಕಿನ ವಿಷಯ. ಸಿಟ್ಟು ಬರುತ್ತದೆ, ಆದರೂ ಬಿಡಿಸಿ ಹೇಳುತ್ತೇನೆ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮೂರನೇ ವಾರದವರೆಗೂ ಮಧ್ಯಾಹ್ನದಲ್ಲಿ ಅವನು ಇರುವುದು ಉತ್ತರದ ಕಡೆ. ಅಂದರೆ ಕಡು ಬೇಸಿಗೆಯಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ಬೀಳುವುದು ಕಡಿಮೆ, ಒಂದು ಸಣ್ಣ ಸಜ್ಜಾ ಇದ್ದರೆ ಅದೂ ಇಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಅದೇ ಗೋಡೆಗೆ ಹಿತವಾದ ಬಿಸಿಲು. ಇಡೀ ಮನೆಯಲ್ಲಿ ನಿಮ್ಮನ್ನು ಸುಡುವುದು ತಾರಸಿ, ಅದು ಬಿಟ್ಟರೆ ಪಶ್ಚಿಮದ ಗೋಡೆ. ಎರಡು ಗಂಟೆಯಿಂದ ಆರರವರೆಗೆ ಬಿಸಿಲು ಅಡ್ಡಲಾಗಿ ನುಗ್ಗುತ್ತದೆ, ಸಜ್ಜಾ ಅದನ್ನು ತಡೆಯುವುದಿಲ್ಲ. ಮರವೋ ಪಕ್ಕದ ಮನೆಯ ಗೋಡೆಯೋ ಇರಬೇಕು. ನಿಮ್ಮ ವಾಸ್ತು ಪಂಡಿತರು ಒಪ್ಪಿಕೊಂಡ ಪೂರ್ವ ಬಾಗಿಲಿನ ಮನೆಯಲ್ಲಿ ಮಲಗುವ ಕೋಣೆ ಹಿಂದೆ, ಅಂದರೆ ಪಶ್ಚಿಮಕ್ಕೆ, ಇರುವ ಸಂಭವವೇ ಹೆಚ್ಚು. ಅದನ್ನು ಅವರು ನೋಡಿದರೇ? ದಕ್ಷಿಣದ ಬಾಗಿಲಿಗೆ ಜನ ಹೆದರುವುದರಿಂದ ಅಂಥ ಮನೆ ಕಡಿಮೆ ಬೆಲೆಗೆ ಸಿಗುತ್ತದೆ. ನಿಮ್ಮ ಅದೃಷ್ಟ ಎಂದುಕೊಂಡು ಇನ್ನೂ ಸ್ವಲ್ಪ ಚೌಕಾಸಿ ಮಾಡಿ.

ಇನ್ನು ಏರಿಯಾ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಮೈಸೂರು 770ರ ಆಸುಪಾಸು. ಸಾವಿರ ಮೀಟರ್ ಇಳಿದರೆ ಆರೂವರೆ ಡಿಗ್ರಿ ಏರುತ್ತದೆ ಎಂಬ ಲೆಕ್ಕದಲ್ಲಿ ಎತ್ತರದಿಂದ ಆಗುವ ವ್ಯತ್ಯಾಸ ಎರಡೂವರೆ ಡಿಗ್ರಿ ಅಷ್ಟೇ. ಆದರೆ ಏಪ್ರಿಲ್ ಮಧ್ಯಾಹ್ನ ಮಡಿಕೇರಿಯಲ್ಲಿ 28, 29 ಇದ್ದರೆ ಮೈಸೂರಿನಲ್ಲಿ 35ರ ಹತ್ತಿರ. ಉಳಿದ ಮೂರು ನಾಲ್ಕು ಡಿಗ್ರಿ ಎಲ್ಲಿಂದ ಬಂತು? ಮೋಡ, ಒದ್ದೆ ಮಣ್ಣು, ಮರದ ನೆರಳು, ಇವನ್ನೆಲ್ಲ ನೀವು ಘಟ್ಟದಲ್ಲೇ ಬಿಟ್ಟು ಹೋಗಿರುತ್ತೀರಿ. ಎತ್ತರ, ಮೋಡ ದುಡ್ಡಿಗೆ ಸಿಗುವುದಿಲ್ಲ. ನೆರಳು ಸಿಗುತ್ತದೆ, ಅದೂ ಕೆಲವು ಬೀದಿಗಳಲ್ಲಿ ಮಾತ್ರ. ಮೈಸೂರಿಗೆ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂದದ್ದು 1903ರಲ್ಲಿ. ಆ ಕಾಲದ ಯೋಜನೆಯ ರೂಢಿ ಮುಂದುವರಿದ ಹಳೆಯ ಬಡಾವಣೆಗಳಲ್ಲಿ ಅಗಲ ರಸ್ತೆ, ಮನೆ ಸುತ್ತ ಜಾಗ, ಸಾಲುಮರ ಇವೆ. ಒಂಟಿಕೊಪ್ಪಲು, ಯಾದವಗಿರಿ, ಜಯಲಕ್ಷ್ಮೀಪುರಂ, ಸರಸ್ವತಿಪುರಂ, ಕುವೆಂಪುನಗರದ ಹಳೆಯ ಭಾಗ ಸುತ್ತಿ ಬನ್ನಿ. ಆಮೇಲೆ ಹೊಸ ಬಡಾವಣೆಗೆ ಹೋಗಿ: 30×40 ಸೈಟಿನಲ್ಲಿ ಕಾಂಪೌಂಡಿಗೆ ಅಂಟಿಕೊಂಡ ಮನೆ, ಮುಂದೆ ಟೈಲ್ಸ್, ಅದರ ಮುಂದೆ ಟಾರು. ಗಿಡ ಎಂದರೆ ಕುಂಡದಲ್ಲಿರುವ ಒಂದು ಮನಿಪ್ಲಾಂಟ್. ಅಲ್ಲಿ ನೆಟ್ಟ ಹೊಂಗೆ ನೆರಳು ಕೊಡುವ ಹೊತ್ತಿಗೆ ನಿಮಗೆ ಎಂಬತ್ತು.

ನೀರನ್ನು ಕಾಫಿಯಲ್ಲಿ ಪರೀಕ್ಷೆ ಮಾಡಿ. ತಮಾಷೆಯಲ್ಲ. ಕೊಡಗಿನಲ್ಲಿ ಹುಟ್ಟಿದ ಕಾವೇರಿ ಹೊಂಗಳ್ಳಿ, ಬೆಳಗೊಳದ ಪಂಪ್‌ಹೌಸ್‌ಗಳಿಂದ ಮೈಸೂರಿನ ನಲ್ಲಿಗೆ ಬರುತ್ತಾಳೆ, ಊರಿನ ಇನ್ನೊಂದು ಪಾಲಿಗೆ ಕಬಿನಿ ನೀರು. ರಿಂಗ್ ರೋಡ್ ದಾಟಿದ ಎಷ್ಟೋ ಬಡಾವಣೆಗಳಲ್ಲಿ ಮಾತ್ರ ಬೋರ್‌ವೆಲ್ಲು, ಅದು ಬತ್ತಿದರೆ ಟ್ಯಾಂಕರು. ನಿಮ್ಮದೇ ಪುಡಿ ಒಯ್ದು ಪಕ್ಕದ ಮನೆಯವರ ಹತ್ತಿರ ಡಿಕಾಕ್ಷನ್ ಹಾಕಿಸಿ. ಬೋರ್ ನೀರಾದರೆ ಮೊದಲ ಗುಟುಕಿಗೇ ನಾಲಗೆಗೆ ತಿಳಿಯುತ್ತದೆ. ಅವರ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣದಂತೆ ಬಿಳಿ ಪದರ ಕೂತಿದ್ದರೆ ಮುಂದೆ ಮಾತಾಡಬೇಡಿ, ಎದ್ದು ಬನ್ನಿ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು “ಇಲ್ಲಿ ಎರಡೂವರೆ ಇಂಚು ನೀರಿದೆ” ಎನ್ನುವ ಮಹಾಶಯರನ್ನು ಬ್ರೋಕರ್ ಕರೆತಂದರೆ ಅವರಿಗೂ ಒಂದು ಕಾಫಿ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.

ತಿಂಗಳಿಗೆ ಎರಡು ಸಲವಾದರೂ ನೀವು ತೋಟಕ್ಕೆ ಬರಬೇಕು. ಕುಶಾಲನಗರದ ದಾರಿಯಾಗಲಿ ಗೋಣಿಕೊಪ್ಪದ ದಾರಿಯಾಗಲಿ, ನಮ್ಮ ಜಿಲ್ಲೆಯವರೆಲ್ಲ ಕೊನೆಗೆ ಹುಣಸೂರು ರಸ್ತೆಯಲ್ಲೇ ಮೈಸೂರು ಹೊಕ್ಕುವುದು. ನಮ್ಮವರು ವಿಜಯನಗರ, ಹಿನಕಲ್ ಸುತ್ತಮುತ್ತ ತುಂಬಿಕೊಂಡಿರುವುದು ಸುಮ್ಮನೆ ಅಲ್ಲ. ಊರಿನ ಪೂರ್ವದ ತುದಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಮನೆ ಮಾಡಿದರೆ ಪ್ರತಿ ಸಲವೂ ಇಡೀ ಮೈಸೂರು ದಾಟಬೇಕು. ಸರಸ್ವತಿಪುರಂ ಈ ಲೆಕ್ಕದಲ್ಲೂ ಕೆಟ್ಟದ್ದಲ್ಲ.

ಹಾಗಾದರೆ ಹಳೆಯ ಮನೆಯನ್ನೇ ತೆಗೆದುಕೊಳ್ಳಿ ಎನ್ನುತ್ತೀರಾ ಎಂದರೆ, ಹೌದು, ಆದರೆ ಈಗಲೇ ಅಲ್ಲ. ಮೊದಲು ಅದೇ ಬೀದಿಯಲ್ಲಿ ಮಾರ್ಚ್‌ನಿಂದ ಬಾಡಿಗೆಗೆ ಇರಿ. ಒಂದು ಬೇಸಿಗೆ, ಒಂದು ಮಳೆಗಾಲ. ಹಳೆಯ ಮನೆಯ ವೈರಿಂಗ್, ಕಬ್ಬಿಣದ ಪೈಪು, ಬಚ್ಚಲಿನ ಇಳಿಜಾರು ಯಾರಿಗಾದರೂ ತೋರಿಸಿ. ತೋಟ ಮಾರಿ ಬಂದ ದುಡ್ಡನ್ನು ಒಂದೇ ಪ್ರವಾಸದಲ್ಲಿ ಅಡ್ವಾನ್ಸ್ ಕೊಟ್ಟು ಬಂದವರನ್ನು ನಾನು ಕಂಡಿದ್ದೇನೆ. ಅವರ ಕತೆ ಬರೆದರೆ ಗುರುತು ಸಿಗುತ್ತದೆ, ಬೇಡ.

ಪ್ರಶ್ನೆ: ಮರಗಳಿರುವ ಬೀದಿಯಲ್ಲಿ ಸೊಳ್ಳೆ ಜಾಸ್ತಿಯಂತೆ ಹೌದೇ? (ಸೋಮವಾರಪೇಟೆ)

ಉತ್ತರ: ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ, ನಿಮ್ಮ ಮುಚ್ಚಳವಿಲ್ಲದ ಸಂಪಿನಲ್ಲಿ.

ಪ್ರಶ್ನೆ: ಎಸಿ ಹಾಕಿಸಿಕೊಂಡರೆ ಯಾವ ಏರಿಯಾ ಆದರೇನು?

ಉತ್ತರ: ಕರೆಂಟ್ ಹೋದಾಗ ಈ ಪ್ರಶ್ನೆಯನ್ನು ಮತ್ತೊಮ್ಮೆ ಕಳಿಸಿ.

ಪ್ರಶ್ನೆ: ತಾರಸಿಗೆ ಒಂದು ಕೆಮಿಕಲ್ ಬಳಿದರೆ ಮನೆ ಹದಿನೈದು ಡಿಗ್ರಿ ತಂಪಾಗುತ್ತದೆ ಎನ್ನುತ್ತಾರೆ. ಮಾಡಿಸಬಹುದೇ?

ಉತ್ತರ: ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಅದು ನಿಜ. ಸ್ಲ್ಯಾಬಿನ ಮೇಲ್ಮೈ ಬಿಸಿ ಚೆನ್ನಾಗಿಯೇ ಇಳಿಯುತ್ತದೆ. ಹದಿನೈದರ ಮಾತು ಅಲ್ಲಿನದು. ಒಳಗಿನ ಗಾಳಿಯಲ್ಲಿ ಎರಡು ಮೂರು ಡಿಗ್ರಿ ಇಳಿದರೆ ಪುಣ್ಯ. ಧೂಳು ಕೂತರೆ ಅದೂ ಕಡಿಮೆಯಾಗುತ್ತದೆ. ಒಳ್ಳೆಯ ಸುಣ್ಣವನ್ನು ಎರಡು ಕೋಟ್ ಬಳಿಸಿ, ಬೇಸಿಗೆ ಬೇಸಿಗೆಗೆ ಮತ್ತೆ ಬಳಿಸಿ.

ಪ್ರಶ್ನೆ: ಕೆರೆ ಪಕ್ಕದ ಸೈಟು ತಂಪು ಎನ್ನುತ್ತಾರಲ್ಲ? (ವಿರಾಜಪೇಟೆ)

ಉತ್ತರ: ತಂಪೇನೋ ಇರುತ್ತದೆ. ಆದರೆ ಕೆರೆಗೆ ನೀರು ಬರುವ ದಾರಿ ಯಾವುದು ಎಂದು ಹಳಬರನ್ನು ಕೇಳಿ. ಕುಕ್ಕರಹಳ್ಳಿ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆಯ ಹೆಸರನ್ನೇ ಕೇಳದವರು ಇವತ್ತು ಮೈಸೂರಿನಲ್ಲಿ ಸೈಟು ಮಾರುತ್ತಿದ್ದಾರೆ. ನೀರಿಗೆ ಹಳೆಯ ದಾರಿ ಮರೆಯುವುದಿಲ್ಲ, 2018ರ ಆಗಸ್ಟ್‌ನಲ್ಲಿ ಕೊಡಗಿನ ನೆರೆ, ಭೂಕುಸಿತ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಹಾಗೆಯೇ ಗಾಳಿ ಬೀಸುವ ಕಡೆ ಏನಿದೆ ನೋಡಿ. ವಿದ್ಯಾರಣ್ಯಪುರಂ ಬಳಿಯ ಸೂಯೇಜ್ ಫಾರ್ಮ್‌ನ ಕಸದ ವಾಸನೆ ಬಗ್ಗೆ ಅಕ್ಕಪಕ್ಕದ ಬಡಾವಣೆಯವರು ವರ್ಷಗಟ್ಟಲೆ ದೂರಿದ್ದಾರೆ. ಬೆಳಿಗ್ಗೆ ಹನ್ನೊಂದಕ್ಕೆ ಕಾರಿನಲ್ಲಿ ಹೋಗಿ ನೋಡಿದರೆ ಮೂಗಿಗೆ ಏನೂ ತಿಳಿಯದು.

ಪ್ರಶ್ನೆ: ನಾವು ಸಂಪಾಜೆಯವರು. ನಮಗೆ ಮಂಗಳೂರೇ ಹತ್ತಿರ. ಅಲ್ಲಿ ಎಲ್ಲಿ?

ಉತ್ತರ: ಮಂಗಳೂರಿನ ಸೆಕೆ ಬೇರೆ ಜಾತಿ. ಥರ್ಮಾಮೀಟರ್ ಮೈಸೂರಿಗಿಂತ ಕಡಿಮೆಯನ್ನೇ ತೋರಿಸುತ್ತದೆ, ಬೆವರು ಮಾತ್ರ ಆರುವುದಿಲ್ಲ. ಮೇ ತಿಂಗಳ ರಾತ್ರಿ ಸಾಧಾರಣವಾಗಿ 25ಕ್ಕಿಂತ ಕೆಳಗಿಳಿಯುವುದಿಲ್ಲ. ಅಲ್ಲಿ ನೆರಳಿಗಿಂತ ಗಾಳಿ ಮುಖ್ಯ. ಮಧ್ಯಾಹ್ನ ಪಶ್ಚಿಮದಿಂದ ಕಡಲ ಗಾಳಿ ಬರುತ್ತದೆ, ಎದುರುಬದುರು ಕಿಟಕಿ ಇರುವ, ಸ್ವಲ್ಪ ಎತ್ತರದ ಜಾಗ ನೋಡಿ. ಕದ್ರಿ, ಬಿಜೈ ಕಡೆಯ ದಿಬ್ಬಗಳು ಪರವಾಗಿಲ್ಲ. ಕೊಟ್ಟಾರ ಚೌಕಿ, ಪಂಪ್‌ವೆಲ್‌ನ ತಗ್ಗುಗಳನ್ನು ಜೋರು ಮಳೆಯ ದಿನ ನೋಡಿ ಬನ್ನಿ, ಆಮೇಲೆ ನೀವೇ ಬೇಡ ಎನ್ನುತ್ತೀರಿ. ಗುಡ್ಡ ಕಡಿದು ಅದರ ಬುಡಕ್ಕೆ ಕಟ್ಟಿದ ಫ್ಲಾಟನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ. ಕಡಲಿಗೆ ತೀರ ಹತ್ತಿರವಾದರೆ ಗೇಟು, ಗ್ರಿಲ್ಲು ತುಕ್ಕು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವುದೂ ಉಂಟು. ನಲ್ಲಿ ನೀರು ತುಂಬೆ ಅಣೆಕಟ್ಟಿನದು. 2019ರ ಬೇಸಿಗೆಯಲ್ಲಿ ಅಲ್ಲಿ ಪಾಳಿಯ ಮೇಲೆ ನೀರು ಬಿಟ್ಟರು. ಹಾಗಾಗಿ ಸ್ವಂತ ಬಾವಿ ಇರುವ ಮನೆಗೆ ಒಂದೆರಡು ಲಕ್ಷ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಪ್ರಶ್ನೆ: ಬಿಸಿ ಊರಿಗೆ ಹೋದರೆ ಅಮ್ಮನ ಮಂಡಿನೋವು ಪೂರ್ತಿ ವಾಸಿಯಾಗುತ್ತದೆ ಎಂದು ನಾಟಿ ವೈದ್ಯರೊಬ್ಬರು ಹೇಳಿದ್ದಾರೆ. ಯಾವ ದಿಕ್ಕಿನ ಮನೆ ನೋಡಲಿ?

ಉತ್ತರ: ಮೂಳೆ ಡಾಕ್ಟರಿಗೆ ತೋರಿಸಿದಿರಾ? ಥಂಡಿಯಲ್ಲಿ ನೋವು ಹೆಚ್ಚು ಎನಿಸುವುದು, ಬೆಚ್ಚಗಿದ್ದಾಗ ಹಾಯೆನಿಸುವುದು ಬೇರೆ. ಸವೆದ ಮಂಡಿಯನ್ನು ಊರು ಬದಲಿಸಿ ವಾಸಿ ಮಾಡುತ್ತೇನೆ ಎನ್ನುವವರ ಮಾತಿಗೆ ಮನೆ ಮಾರಬೇಡಿ. ನನಗೆ ಗೊತ್ತಿರುವುದು ಇಷ್ಟು: ಮೆಟ್ಟಿಲಿಲ್ಲದ ನೆಲಮಹಡಿ, ಬಚ್ಚಲಲ್ಲಿ ಒರಟು ಟೈಲ್ಸ್, ಕಮೋಡಿನ ಪಕ್ಕ ಗೋಡೆಗೆ ಒಂದು ಗಟ್ಟಿ ಹಿಡಿಕೆ. ದಿಕ್ಕು ಯಾವುದಾದರೂ ಆಗಲಿ.

ಪ್ರಶ್ನೆ: ಇನ್ನೆರಡು ವರ್ಷದಲ್ಲಿ ಆ ಕಡೆ ದೊಡ್ಡ ರಸ್ತೆ ಬರುತ್ತದೆ, ರೇಟು ಡಬಲ್ ಎನ್ನುತ್ತಾರೆ ಬ್ರೋಕರ್.

ಉತ್ತರ: ನೀವು ವಾಸಕ್ಕೆ ಹೋಗುತ್ತಿದ್ದೀರೋ ವ್ಯಾಪಾರಕ್ಕೋ?

ಪ್ರಶ್ನೆ: ನಮ್ಮ ತೋಟದ ನಾಯಿಗೆ ಏಳು ವರ್ಷ, ದಪ್ಪ ಕೂದಲಿನ ಜಾತಿ. ಮೈಸೂರಿಗೆ ಕರೆದುಕೊಂಡು ಹೋಗಬಹುದೇ? ಅದಿಲ್ಲದೆ ಮನೆಯವರು ಹೊರಡುವುದಿಲ್ಲ ಎನ್ನುತ್ತಿದ್ದಾರೆ. (ನಾಪೋಕ್ಲು)

ಉತ್ತರ: ಈ ವರ್ಷ ಬಂದ ಪತ್ರಗಳಲ್ಲಿ ಇದೊಂದೇ ಸರಿಯಾದ ಪ್ರಶ್ನೆ. ಹತ್ತು ಎಕರೆ ಸುತ್ತಿ ಬಂದ ನಾಯಿಯನ್ನು ಟೈಲ್ಸ್ ಹಾಕಿದ ಕಾಂಪೌಂಡಿನಲ್ಲಿ ಕಟ್ಟಿಹಾಕಿದರೆ ಏಪ್ರಿಲ್‌ನಲ್ಲಿ ಅದರ ಪಾದ ಸುಡುತ್ತದೆ. ಮಣ್ಣಿನ ನೆಲ, ಒಂದು ಮರ ಇರುವ ಮನೆ ಸಿಕ್ಕಿದರೆ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಬಿಟ್ಟು, ಹದಿನೈದು ದಿನಕ್ಕೊಮ್ಮೆ ಬಂದು ಮಾತಾಡಿಸಿ ಹೋಗಿ. ಮನೆಯವರನ್ನು ಒಪ್ಪಿಸುವ ಕೆಲಸ ನನ್ನದಲ್ಲ.